ಪ್ಲೇಗಿನ ವರ್ಷ ನಾನು ಗೆದ್ದ ಚರ್ಚೆ

ರಂಗಕ್ಕ, ನಿನ್ನ ಗಂಡ ಸಿದ್ದಣ್ಣ ಸತ್ತದ್ದು ನನ್ನ ಮಾತು ನಂಬಿ. ಆ ಮಾತು ಆಡುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಆ ವರ್ಷ ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿದ್ದರೆ ಮನೆಗೆ ಬೀಗ ಹಾಕಿ, ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು — ಅಕ್ಷರ ಬಾರದ ಅಜ್ಜಿಯರಿಗೂ ಗೊತ್ತಿದ್ದ ಪಾಠ. ನೀವಿಬ್ಬರೂ ಆಗಲೇ ಬಿದಿರು, ತೆಂಗಿನಗರಿ ಗಾಡಿಗೆ ಏರಿಸಿದ್ದಿರಿ. ಅದೇ ವಾರ ನಮ್ಮ ತರುಣರ ಚರ್ಚಾಕೂಟ. ವಿಷಯ: ಪ್ಲೇಗಿಗೆ ಹೆದರಿ ಊರು ಬಿಡಬೇಕೆ? ಯಾರಿಗೆ ಯಾವ ಪಕ್ಷ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುವುದು ನಮ್ಮ ಪದ್ಧತಿ. ನನ್ನ ಚೀಟಿಯಲ್ಲಿ ಬಂದದ್ದು 'ಬಿಡಬಾರದು'.

ವಾದಿಸಿದೆ. ಗುಡಿಸಲಿಗೆ ಹಾವು ಬರದೆ? ಬೀಗ ಒಡೆಯುವ ಕಳ್ಳ ಸುಮ್ಮನಿರುತ್ತಾನೆಯೆ? ಇಲಿ ಸತ್ತರೆ ಮನುಷ್ಯನೂ ಸಾಯಬೇಕೆಂಬುದು ಯಾವ ತರ್ಕ? — ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷತೆ ವಹಿಸಿದ್ದ ಜವಳಿ ಅಂಗಡಿಯವರದೇ ಎಲ್ಲರಿಗಿಂತ ಜೋರು. ಅವರ ಹೆಂಡತಿ ಮಕ್ಕಳು ಹಿಂದಿನ ದಿನವೇ ತೋಟದ ಶೆಡ್ಡು ಸೇರಿದ್ದರು! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಅವರನ್ನು ಬೈಯಲು ನನಗೆಲ್ಲಿ ಬಾಯಿ? ಕೂಟಕ್ಕೆ ಎರಡು ದಿನ ಮೊದಲು ನಾನೇ ಯಾರಿಗೂ ಹೇಳದೆ ಬಸ್ಸು ಹತ್ತಿ, ಹಾಸನದಲ್ಲಿ ಪ್ಲೇಗಿನ ಸೂಜಿ ಚುಚ್ಚಿಸಿಕೊಂಡು ಬಂದಿದ್ದೆ. ತೋಳಿನ ಬಾವು ಇನ್ನೂ ಇಳಿದಿರಲಿಲ್ಲ. ಮೇಲೆ ಕೋಟು ತೊಟ್ಟು ಮಾತಾಡಿದೆ.

ಕೂಟ ಮುಗಿದ ಮೇಲೆ ನೀನು ಹತ್ತಿರ ಬಂದೆ.

"ನೀನು ಓದಿದೋನು ಕಣಪ್ಪ. ದಿಟ ಹೇಳು — ಗುಡ್ಲಿಗೆ ಓಗೋದಾ, ಬ್ಯಾಡ್ವಾ?"

ಅದು ಚೀಟಿಯಲ್ಲಿ ಬಂದ ಪಕ್ಷ ಅಕ್ಕ, ನೀನು ಹೊರಡು — ಇಷ್ಟೇ ಅನ್ನಬೇಕಾಗಿತ್ತು. ಆದರೆ ನನ್ನೆದುರು ಸೋತಿದ್ದ ಶಾಮಣ್ಣ ಅಲ್ಲೇ ನಿಂತು ಹಲ್ಲು ಕಿಸಿಯುತ್ತಿದ್ದ: "ಹೇಳ್ಲಾ, ಈಗ ಹೇಳು ನೋಡಾನ!" ಅವನ ಮುಂದೆ ನಾನು ಹೇಗೆ—

"ಮನೇಲೇ ಇರಿ ಅಕ್ಕ. ಏನೂ ಆಗಲ್ಲ" ಎಂದೆ.

ನೀವು ಗಾಡಿಯಿಂದ ಬಿದಿರು, ಗರಿ ಇಳಿಸಿದಿರಿ. ಹತ್ತು ದಿನ ಕಳೆದಿರಲಿಲ್ಲ, ಸಿದ್ದಣ್ಣನ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಮೂರೇ ದಿನ. ಹೊರಲು ನಾಲ್ಕು ಜನ ಸಿಕ್ಕಲಿಲ್ಲ. ನಾನೂ ಬರಲಿಲ್ಲ — ಸೂಜಿ ಹಾಕಿಸಿಕೊಂಡಿದ್ದವನು!

ಆಮೇಲೊಮ್ಮೆ ಬೀದಿಯಲ್ಲಿ ಸಿಕ್ಕಾಗ ನೀನೇ ನನಗೆ ಸಮಾಧಾನ ಹೇಳಿದೆ: "ನೀನೇನ್ ಮಾಡೀಯೆ ಬುಡಪ್ಪ, ನಮ್ಮ ಅಣೇಲಿ ಬರ್ದಿತ್ತು." ನಾನು ತಲೆಯಾಡಿಸಿದೆ. ದೇವರಿದ್ದಾನೆಯೇ ಎಂದು ಕಂಡವರನ್ನೆಲ್ಲ ಕೆಣಕುತ್ತಿದ್ದ ನಾನು ಅಂದು ಹಣೆಬರಹಕ್ಕೆ ತಲೆಯಾಡಿಸಿದೆ! ಅನುಕೂಲವಾಗಿತ್ತಲ್ಲ. ಆರು ವರ್ಷ ಅದರ ಹಿಂದೆ ಅವಿತು ಕೂತೆ. ಈ ನಡುವೆ ಇನ್ನೆಷ್ಟೋ ಚರ್ಚೆ ಗೆದ್ದೆ.

ನಿನಗೆ ಓದು ಬಾರದು. ನಾಳೆ ಬೆಳಿಗ್ಗೆ ನಾನೇ ನಿನ್ನ ಜಗುಲಿಗೆ ಬಂದು ಇದನ್ನು ಓದುತ್ತೇನೆ; ಬೀದಿಯವರೂ ಕೇಳಲಿ. ಕ್ಷಮಿಸು ಎನ್ನುವುದಿಲ್ಲ. ಸಿದ್ದಣ್ಣ ಹೇಗೆ ಸತ್ತ ಎಂದು ಇನ್ನು ಮುಂದೆ ಯಾರಾದರೂ ಕೇಳಿದರೆ ಹಣೆ ಮುಟ್ಟಿ ತೋರಿಸಬೇಡ ಅಕ್ಕ — ನನ್ನ ಹೆಸರು ಹೇಳು.