ಹಾಸುಬಂಡೆಯ ಮೇಲೆ ಹರವಿದ ಬೀಜ

ನಾನು ಜೀವನದಲ್ಲಿ ಮಾಡಿದ ಅತಿ ದೊಡ್ಡ ಉಪಕಾರವೆಂದರೆ ಒಂದು ಸಂಸಾರದ ನಾಲ್ಕು ಚೀಲ ಬಿತ್ತನೆ ನೆಲ್ಲನ್ನು ಹಾಳು ಮಾಡಿದ್ದು. ಒಬ್ಬನೇ ಮಾಡಿದ್ದಲ್ಲ, ಊರಿನ ಬುದ್ಧಿವಂತರೆಲ್ಲ ಕೈಜೋಡಿಸಿದ್ದರು.

ಆಗ ನಾನು ಶಹಾಪುರದಿಂದ ವನದುರ್ಗಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಮಾಸ್ತರ. ಕಾಲುವೆ ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದ ನಮ್ಮ ನೆಲಕ್ಕೆ ನೀರಿನ ಹಿಂದೆಯೇ ಆಂಧ್ರದ ರೈತರು ಬಂದು, ಹೊಲ ಗುತ್ತಿಗೆ ಹಿಡಿದು ನೆಲ್ಲು ಹಚ್ಚಿದರು. ಅವರ ಬಿಡಾರಗಳಿಗೆ ನಾವು ಕ್ಯಾಂಪ್ ಎನ್ನುತ್ತಿದ್ದೆವು. ನಮ್ಮೂರ ಪಾಲಿಗೆ ಸಿಕ್ಕಿದ್ದು ಒಂದೇ ಗುಡಿಸಲು: ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎರಡು ವರ್ಷವಾದರೂ ಊರವರು ಯಾರೂ ಅವರ ಅಂಗಳ ತುಳಿದಿರಲಿಲ್ಲ. ಅವರು ಎಷ್ಟು ಖಾರ ತಿನ್ನುತ್ತಾರೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಒಂದು ಮುಂಜಾನೆ ಕಾಲುವೆಯ ದಂಡೆ ಒಡೆದು ಆ ಗುಡಿಸಲಿಗೆ ಸೊಂಟದ ಮಟ್ಟ ನೀರು ನುಗ್ಗಿತು. ಗಂಡ ಹೆಂಡತಿ ಮಕ್ಕಳನ್ನೂ ತೊಯ್ದ ಬೀಜದ ಚೀಲಗಳನ್ನೂ ದಿಬ್ಬಕ್ಕೆ ಸಾಗಿಸಿ, ಚೀಲಗಳ ಮೇಲೆ ಹುಲ್ಲು ಹೊದಿಸಿಟ್ಟರು. ಆ ವಾರದೊಳಗೆ ಬೀಜ ಸಸಿಮಡಿಗೆ ಬೀಳದಿದ್ದರೆ ವರ್ಷದ ಬೆಳೆ ಹೋದಂತೆಯೇ.

"ನೀರು ಬೇಕಂತ ಬಂದಿದ್ರು, ಮನಿಗೇ ಬಂತು ನೋಡ್ರಿ," ಎಂದು ಕಟ್ಟೆಯ ಮೇಲೆ ಕೂತಿದ್ದ ಗೌಡರು ನಕ್ಕರು. ನಾಚಿಕೆಗೆಟ್ಟು ನಾನೂ ನಕ್ಕೆ. ಮೂರನೇ ದಿನ ಅವರ ಸಣ್ಣ ಹುಡುಗಿ ಒದ್ದೆ ಪಾಟಿಚೀಲ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಾಗ ಸೀಮೆಸುಣ್ಣ ಕೆಳಗಿಟ್ಟೆ. ಶಾಲೆ ಬಿಟ್ಟಮೇಲೆ ಹೋದರಾಯಿತು ಎನ್ನುವಷ್ಟೂ ತಾಳ್ಮೆ ಇರಲಿಲ್ಲ. ರಜಾ ಕೊಟ್ಟು, ಗೌಡರನ್ನೂ ಕಿರಾಣಿ ಅಂಗಡಿಯವರನ್ನೂ ಎಬ್ಬಿಸಿಕೊಂಡು ಹೊರಟೆ.

ಗಂಡ ಮಡಿ ಮಾಡಲು ಜಾಗ ನೋಡಲು ಹೋಗಿದ್ದ. ಹೆಂಡತಿ ಗುಡಿಸಲಿನ ಕೆಸರು ಬಳಿಯುತ್ತಿದ್ದಳು. ನಾನು ಹುಲ್ಲು ಸರಿಸಿ ಚೀಲದೊಳಗೆ ಕೈ ಹಾಕಿದೆ. ಬಿಸಿಬಿಸಿ! ಕಾಳಿನ ತುದಿಯಲ್ಲೆಲ್ಲ ಬಿಳಿ ಮೊಳಕೆ.

"ಅಕ್ಕಾ, ಬೀಜ ಕೆಟ್ಟು ಹೊಂಟಾವ!" ಎಂದು ಕೂಗಿದೆ.

"ಬ್ಯಾಡ್ರಿ ಸಾರ್, ಅದು ಇರ್ಲಿ," ಎಂದಳು.

"ನೀವು ಸುಮ್ಮ ಕೂಡ್ರಿ. ನಾವಿದ್ದೇವಲ್ಲ."

ನಾಲ್ಕೂ ಚೀಲ ಹೊತ್ತು, ಪಕ್ಕದ ಹಾಸುಬಂಡೆಯ ಮೇಲೆ ಸುರಿದು, ಜೋಳ ಹರವಿದ ಹಾಗೆ ತೆಳ್ಳಗೆ ಹರವಿದೆವು. ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಆಕೆ ನಮ್ಮನ್ನು ಸ್ವಲ್ಪ ಹೊತ್ತು ನೋಡಿ, ಮೂರು ಕಲ್ಲು ಹೂಡಿ ಚಾ ಮಾಡಿಕೊಟ್ಟಳು. ಬೀಜ ಮೊಳೆಯುವ ಪಾಠವನ್ನು ಐದನೇ ತರಗತಿಗೆ ನಾನು ಆ ತಿಂಗಳಷ್ಟೇ ಓದಿಸಿದ್ದೆ, ಚಿತ್ರಕ್ಕೆ ಬಣ್ಣವನ್ನೂ ತುಂಬಿಸಿದ್ದೆ.

ಮಧ್ಯಾಹ್ನ ಕ್ಯಾಂಪುಗಳಿಗೆ ನಾಟಿ ಕೂಲಿಗೆ ಹೋಗುವ ನಮ್ಮೂರ ಹೆಂಗಸೊಬ್ಬಳು ಆ ದಾರಿಯಲ್ಲಿ ಬಂದಳು. ಬಂಡೆ ನೋಡಿ ಬಾಯಿ ಬಡಿದುಕೊಂಡಳು.

"ಯಪ್ಪಾ ಮಾಸ್ತರ್ರ, ಏನ್ ಮಾಡಾಕತ್ತೀರಿ? ಮೊಳಕಿ ಬರ್ಲಿ ಅಂತನ ಮುಚ್ಚಿ ಇಟ್ಟಾರ. ಮೊಳಕಿ ಒಡದ್ರನ ಮಡ್ಯಾಗ ಚೆಲ್ಲೋದು. ಎಲ್ಲಾ ಸುಟ್ಟು ಹಾಕಿದ್ರಲ್ರೀ!"

ಗೌಡರಿಗೆ ತಟ್ಟನೆ ಏನೋ ತುರ್ತು ಕೆಲಸ ನೆನಪಾಯಿತು. ಅಂಗಡಿಯವರಿಗೂ ನೆನಪಾಯಿತು. ಮಾಸ್ತರನಿಗೆ ಅಂಥ ಕೆಲಸಗಳಿರುವುದಿಲ್ಲ.

ಎರಡು ದಿನ ಸೈಕಲ್ ತುಳಿದು ಸುತ್ತಲಿನ ಕ್ಯಾಂಪುಗಳಲ್ಲೆಲ್ಲ ಬೀಜ ಬೇಡಿದೆ. ಕೇಳಿದವರೆಲ್ಲ ಮೊದಲು ಬಿದ್ದು ಬಿದ್ದು ನಕ್ಕು, ಆಮೇಲೆ ಕೊಟ್ಟರು. ಒಬ್ಬ ಮುದುಕ ನನ್ನನ್ನು ಕೂರಿಸಿಕೊಂಡು ಬೀಜ ಹೇಗೆ ಮೊಳೆಯುತ್ತದೆಂದು ಮೊದಲಿನಿಂದ ಪಾಠ ಮಾಡಿದ. ಕೈಕಟ್ಟಿ ಕೇಳಿದೆ. ಅಂತೂ ಹಂಗಾಮು ಮೀರುವ ಮೊದಲು ಬೇಕಾದಷ್ಟು ಬೀಜ ಕೂಡಿತು.

ಕೊನೆಯ ಚೀಲ ಇಳಿಸಿದ ದಿನ ತಡೆಯಲಾರದೆ ಕೇಳಿದೆ. "ನಿಮಗ ಗೊತ್ತಿತ್ತಲ್ಲ ಅಕ್ಕಾ. ಜೋರಾಗಿ ಬೈದಿದ್ರ ನಾವು ಬಿಡ್ತಿದ್ದೆವಲ್ಲ?"

ಆಕೆ ಸೆರಗಿನಿಂದ ಲೋಟ ಒರೆಸುತ್ತಿದ್ದಳು.

"ಎರಡು ವರ್ಷದಾಗ ನಮ್ಮನಿಗಿ ಯಾರೂ ಬಂದಿಲ್ಲ ಸಾರ್. ಅವತ್ತ ಮೊದಲ್ನೇ ಸಲ ಮಂದಿ ಬಂದ್ರು. ಬೈದ್ರ ಮತ್ತ ಬರ್ತಿದ್ರೇನು?"