ಕಿವಿಯಣ್ಣನ ಸಣ್ಣ ಹಕ್ಕಿಗಳು

ನನ್ನ ಭಾವನನ್ನು ಊರೆಲ್ಲ ಕಿವಿಯಣ್ಣ ಎಂದೇ ಕರೆಯುತ್ತಿತ್ತು. ನಮ್ಮದು ಮಂಜಿನ ಬೆಟ್ಟ. ಬೆಳಗಿನ ಹೊತ್ತು ಎದುರಿಗೆ ಬರುತ್ತಿರುವುದು ಬೀಗರೋ ಎಮ್ಮೆಯೋ ಎಂದು ತಿಳಿಯಬೇಕಾದರೆ ಅದು ಕೆಮ್ಮುವವರೆಗೆ ಕಾಯಬೇಕು. ಅಂಥ ಜಾಗಕ್ಕೆ ಹಕ್ಕಿ ನೋಡುತ್ತೇವೆಂದು ದೂರದಿಂದ ಜನ ಬರುತ್ತಾರೆ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು. ನೋಡುವುದೇನು, ಮಣ್ಣು? ಮಂಜಿನೊಳಗಿಂದ ಅವರಿಗೆ ಹಕ್ಕಿಯನ್ನು ಹುಡುಕಿಕೊಡುವುದೇ ಭಾವನ ಕೆಲಸವಾಗಿತ್ತು.

ಕಾಲುದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಭಾವ ಥಟ್ಟನೆ ನಿಂತು ತೋರುಬೆರಳು ಎತ್ತುವರು. ಹಿಂದಿನವರು ಉಸಿರು ಬಿಗಿಹಿಡಿಯಬೇಕು. ತಲೆಯನ್ನು ತುಸು ವಾಲಿಸಿ, ಕಣ್ಣು ಮುಚ್ಚಿ, ಯಾವ ಹಕ್ಕಿ, ಯಾವ ಮರ, ಎಷ್ಟು ಎತ್ತರದ ಕೊಂಬೆ ಎಂದು ಮೆಲ್ಲಗೆ ಹೇಳುವರು. ಸ್ವಲ್ಪ ಹೊತ್ತಿಗೆ ಮಂಜು ಸರಿದಾಗ ಹಕ್ಕಿ ಅಲ್ಲೇ ಕೂತಿರುತ್ತಿತ್ತು. ಕಣ್ಣು ಇರುವುದು ಬಾಗಿಲಿಗೆ ಹಣೆ ಬಡಿದುಕೊಳ್ಳದಿರಲು ಮಾತ್ರ ಎನ್ನುವುದು ಅವರ ಸಿದ್ಧಾಂತ. ಕೊನೆಕೊನೆಗೆ ಕಣ್ಣಿಗೆ ಪೊರೆ ಬಂದು ದೂರದ್ದೆಲ್ಲ ಮಸುಕಾದಾಗಲೂ ಅದನ್ನೊಂದು ನಷ್ಟ ಎಂದು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಕೆಲಸ ಹಿಡಿಯುವ ಮೊದಲು ಭಾವ ಸಾಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದರು. ಬೆಳಕು ಹರಿಯುವ ಮುಂಚೆ ಹಳ್ಳದ ದಂಡೆ ಹಿಡಿದು ಮಿಲ್ಲಿಗೆ ಹೋಗುವಾಗ ಹಕ್ಕಿಗಳ ಪಾಠವಾಯಿತು. ಆಮೇಲೆ ದಿನವಿಡೀ ಗರಗಸದ ಚೀರಾಟ. ಹಕ್ಕಿಯನ್ನು ಕಲಿಸಿದ್ದೂ ಮಿಲ್ಲೇ, ಕಿವಿಯನ್ನು ತಿಂದದ್ದೂ ಮಿಲ್ಲೇ. ಆದರೆ ತಿಂದದ್ದು ಗೊತ್ತಾಗಲು ಬಹಳ ವರ್ಷ ಹಿಡಿಯಿತು, ಅದೂ ಭಾವನೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ.

ನಾನು ಅವರ ಹೆಂಡತಿಯ ತಂಗಿ. ಮದುವೆ ಗಿದುವೆ ನನಗೆ ಕೂಡಿಬರಲಿಲ್ಲ. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ, ಲಾಡ್ಜಿನ ಪರದೆ ಹೊಲಿಯುತ್ತೇನೆ. ನನ್ನದು ಗಂಡು ದನಿ. ಫೋನಿನಲ್ಲಿ ಮಾತಾಡಿದವರೆಲ್ಲ ‘ಸಾರ್’ ಎನ್ನುತ್ತಾರೆ. ಅಕ್ಕನದು ಎಳೆಯ, ತೆಳುವಾದ ದನಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ಯಾರೂ ನಂಬುತ್ತಿರಲಿಲ್ಲ.

ಮೊದಲು ಹೋದದ್ದು ಬೆಳ್ಗಣ್ಣ. ಕಣ್ಣ ಸುತ್ತ ಸುಣ್ಣದ ಬಳೆ ಬರೆದಂತಿರುವ ಹೆಬ್ಬೆರಳುದ್ದದ ಹಕ್ಕಿ. ಹಿಂಡು ಹಿಂಡಾಗಿ ಪೊದೆಯಿಂದ ಪೊದೆಗೆ ದಾಟುತ್ತಾ, ನೀನೆಲ್ಲಿ ನಾನಿಲ್ಲಿ ಎಂದು ಬಾಯಿ ಮುಚ್ಚದೆ ಕೂಗಿಕೊಳ್ಳುತ್ತಲೇ ಇರುತ್ತವೆ. ಮಲಗುವಾಗಲೂ ಒಂದೇ ಕೊಂಬೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಒಂದು ಬೆಳಗ್ಗೆ ಭಾವ ಚಹಾ ಕುಡಿಯುತ್ತಾ, ಬೆಳ್ಗಣ್ಣಗಳು ಬೆಟ್ಟ ಬಿಟ್ಟು ಹೋದವು ಎಂದರು. ಅದೇ ಹೊತ್ತಿಗೆ ಬೇಲಿಯ ಮೇಲೆ ಒಂದು ಹಿಂಡು ಚಿಲಿಪಿಲಿ ಹಚ್ಚಿತ್ತು. ಭಾವ ತಮಾಷೆ ಮಾಡುತ್ತಿದ್ದಾರೆ ಎಂದು ನಾನು ನಕ್ಕೆ. ಅವರು ನಗಲಿಲ್ಲ, ಅಕ್ಕ ನನ್ನ ಕಾಲು ತುಳಿದಳು.

ಮುಂದಿನ ವರ್ಷಗಳಲ್ಲಿ ಹೂವಿಗೆ ಕೊಕ್ಕಿಟ್ಟು ಜೇನು ಹೀರುವ ಸೂರಕ್ಕಿ ಹೋಯಿತು. ಕಲ್ಲಿಂದ ಕಲ್ಲಿಗೆ ಬಾಲ ಕುಣಿಸುತ್ತಾ ಹಳ್ಳದುದ್ದಕ್ಕೂ ಓಡುವ ಸಿಪಿಲೆ ಹೋಯಿತು. ಹಣ್ಣಿನ ಪೊದೆಯಲ್ಲಿ ಸದಾ ಜಗಳ ಕಾಯುವ ಪಿಕಳಾರ ಹೋಯಿತು. ಕೊನೆಗೆ ಸಿಳ್ಳಾರವೂ ಹೋಯಿತು. ಎಲ್ಲ ಹಕ್ಕಿಗಿಂತ ಮೊದಲೆದ್ದು, ನೀರು ಬೀಳುವ ಕಡೆ ಕತ್ತಲಲ್ಲೇ ಕೂತು, ಹಾಡು ಮರೆತವರು ಸಿಳ್ಳೆ ಹೊಡೆದಂತೆ ಹೊಡೆಯುವ ಹಕ್ಕಿ ಅದು. ಮಿಲ್ಲಿನ ದಾರಿಯಲ್ಲಿ ಅದೇ ಅವರ ಮೊದಲ ಜೊತೆಗಾರ. ಅದು ಹೋಯಿತು ಎಂದ ದಿನ ಭಾವ ಊಟ ಮಾಡಲಿಲ್ಲ. ಅವರ ಪಾಲಿಗೆ ಬೆಟ್ಟದಲ್ಲಿ ಉಳಿದದ್ದು ಕಾಗೆ, ಕುಟ್ರುಹಕ್ಕಿ, ಕಾಡುಪಾರಿವಾಳ, ಪೊದೆಯೊಳಗಿಂದ ಗುಮ್ಮೆನ್ನುವ ಕೆಂಬೂತ, ಅಷ್ಟೇ. ದಪ್ಪ ಗಂಟಲಿನವರೆಲ್ಲ ಉಳಿದರು, ಬಡಪಾಯಿಗಳು ಸತ್ತರು, ಲೋಕ ಇರುವುದೇ ಹೀಗೆ ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳುವರು. ಕೇಳಿದವರು ಹೌದು ಹೌದು ಎನ್ನುವರು. ಯಾವಾಗಲಾದರೂ ಸಣ್ಣ ಹಕ್ಕಿಯೊಂದು ಕಣ್ಣಿಗೆ ಬಿದ್ದರೆ, ಒಂಟಿಯಾಗಿ ಉಳಿದದ್ದು, ಕೂಗಿದರೆ ಓಗೊಡುವವರಿಲ್ಲವೆಂದು ಮೂಕವಾಗಿದೆ ಎನ್ನುವರು.

ಇಷ್ಟಕ್ಕೆಲ್ಲ ಅವರು ಹಿಡಿದದ್ದು ಹಣ್ಣಿನ ತೋಟದವನನ್ನು. ಅವನು ಮರಗಳಿಗೆ ಔಷಧಿ ಹೊಡೆಯುತ್ತಿದ್ದ, ನಿಜ. ನಡುಬೀದಿಯಲ್ಲಿ ನಿಲ್ಲಿಸಿ ಕೊಲೆಗಾರ ಎಂದು ಬೈದರು. ಅವನು ಕೆಂಡವಾಗಿ ನಮ್ಮ ಮನೆಗೇ ಬಂದ. ಅಕ್ಕ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ವಿಷಯ ಹೇಳಿದಳು. ತಿರುಗಿ ಬರುವಾಗ ಅವನ ಮುಖ ಸಣ್ಣದಾಗಿತ್ತು. ಅಲ್ಲಿಂದಾಚೆಗೆ ಭಾವ ಬೈದಾಗಲೆಲ್ಲ ಅವನು ತಲೆ ತಗ್ಗಿಸಿ, ತಪ್ಪಾಯ್ತು ಕಿವಿಯಣ್ಣ ಎಂದು ಹೇಳಿ ಹೋಗುತ್ತಿದ್ದ. ಅವನ ಬಗ್ಗೆ ನನಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಆಮೇಲೆ ಬಂತು.

ಊರಿಗೆಲ್ಲ ಹೇಳಿ, ಗಂಡನಿಗೊಬ್ಬರಿಗೆ ಹೇಳದೆ ಇರುವುದು ಯಾವ ನ್ಯಾಯ ಎಂದು ನಾನು ಅಕ್ಕನ ಮೇಲೆ ಹರಿಹಾಯ್ದೆ. ಡಾಕ್ಟರ ಹತ್ತಿರ ಹೋದರೆ ಕಿವಿಗೆ ಯಂತ್ರ ಕೊಡುತ್ತಾರೆ, ಅದರಲ್ಲಿ ನಾಚಿಕೆ ಏನು ಎಂದೆ. ಆದರೆ ಮಿಲ್ಲಿನ ಹಳೆಯ ಗೆಳೆಯನೊಬ್ಬ ಅಂಥದನ್ನು ಹಾಕಿಕೊಂಡು ಬಂದಾಗ ಭಾವ ಅವನನ್ನು ರೇಡಿಯೋ ರೇಡಿಯೋ ಎಂದು ಗೋಳು ಹೊಯ್ದುಕೊಂಡದ್ದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಬಟ್ಟೆ ಹಿಂಡುತ್ತಾ, ತಲೆಯನ್ನೂ ಎತ್ತದೆ ಹೇಳಿದಳು:

“ಹಕ್ಕಿ ಹೋಯ್ತು ಅಂದ್ರೆ ಅವರು ಬೈತಾರೆ ಕಣೇ. ಕಿವಿ ಹೋಯ್ತು ಅಂದ್ರೆ ಸತ್ತೇ ಹೋಗ್ತಾರೆ. ಬೈಕೊಂಡಾದ್ರೂ ಇರ್ಲಿ ಬಿಡು.”

ಅವಳು ಹಿಂಡಿದ್ದನ್ನು ತೆಗೆದುಕೊಂಡು ನಾನು ತಂತಿಯ ಮೇಲೆ ಹರವಿದೆ.

ಆಮೇಲೆ ಅಕ್ಕನೂ ಬೆಳಗಿನ ತಿರುಗಾಟಕ್ಕೆ ಹೊರಟಳು. ಬಂದವರಿಗೆ ಬಿಸಿ ಚಹಾ ಕೊಡಬೇಕು ಎನ್ನುವುದು ನೆಪ. ಹೊರಡುವ ಮುನ್ನ ಲಾಡ್ಜಿನ ಜಗಲಿಯಲ್ಲಿ ಅತಿಥಿಗಳನ್ನು ಒಟ್ಟು ಸೇರಿಸಿ, ಅವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ದಯವಿಟ್ಟು ಗೊತ್ತು ಮಾಡಬೇಡಿ ಎಂದು ಕೈಮುಗಿಯುವಳು. ಭಾವ ಮುಂದೆ ನಿಂತು, ಇಲ್ಲಿ ಒಂದಾನೊಂದು ಕಾಲದಲ್ಲಿ ಸಿಳ್ಳಾರ ಇತ್ತು ಎಂದು ಮರುಗುವರು. ಹಿಂದೆ ನಿಂತವರ ತಲೆಯ ಮೇಲೇ ಸಿಳ್ಳಾರ ಹೊಡೆಯುತ್ತಿರುವುದು. ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಒಬ್ಬಾತ ಮರೆತು, ಇದೇನಾ ಅದು ಎಂದು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಚ್ಚಿ ಭಾವನ ಕಿವಿಗೆ ಹಿಡಿದ. ಭಾವ ಅದನ್ನು ತಿರುವಿ ಮುರುವಿ ನೋಡಿ, ನಿಮ್ಮ ಫೋನು ಕೆಟ್ಟಿದೆ ಸ್ವಾಮಿ, ರಿಪೇರಿ ಮಾಡಿಸಿ ಎಂದರು. ಅಕ್ಕನ ಕೈಯಲ್ಲಿದ್ದ ಚಹಾ ಅವಳ ಸೀರೆಯ ಮೇಲೆ ಚೆಲ್ಲಿತು.

ಕೇಳಲು ನಗು ಬರುತ್ತದೆ, ನಾನೂ ನಕ್ಕಿದ್ದೇನೆ. ಆದರೆ ಆ ಮನೆಯಲ್ಲಿ ನಗು ಇರಲಿಲ್ಲ. ಭಾವ ದಿನೇ ದಿನೇ ಮಾತು ಕಡಿಮೆ ಮಾಡಿದರು. ಗಂಡ ಹೆಂಡತಿ ಎದುರುಬದುರು ಕೂತು ಉಂಡು, ತಟ್ಟೆ ಎತ್ತಿಟ್ಟು, ಒಬ್ಬರು ಜಗಲಿಗೆ, ಒಬ್ಬರು ಒಲೆಯ ಹತ್ತಿರಕ್ಕೆ ಹೋಗುವರು. ಹೆತ್ತವರನ್ನು ಕಳೆದುಕೊಂಡ ಮನೆಯಲ್ಲೂ ಅಷ್ಟು ಮೌನ ಇರುವುದಿಲ್ಲ.

ಕಳೆದ ಚಳಿಯಲ್ಲಿ ಅಕ್ಕ ಹೋದಳು. ಎದೆಗೆ ಕಫ ಕಟ್ಟಿತು, ಆಸ್ಪತ್ರೆಗೆ ಸೇರಿಸಿದೆವು, ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೋಗುವ ಮುನ್ನ ನನ್ನ ಕೈ ಹಿಡಿದು ಕೇಳಿಕೊಂಡದ್ದು ಒಂದೇ, ಕಿವಿಯ ವಿಷಯ ಅವರಿಗೆ ಹೇಳಬೇಡ ಎಂದು. ಅಕ್ಕ ಕಟ್ಟಿದ ಸುಳ್ಳನ್ನು ಕಾಯುವ ಕೆಲಸ ಹೀಗೆ ನನ್ನ ಪಾಲಿಗೆ ಬಂತು. ನನ್ನಂಥ ಬಾಯಿಬಡುಕಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಭಾವ ತಿರುಗಾಟ ನಿಲ್ಲಿಸಿದರು. ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡು ಅಕ್ಕ ಕೂರುತ್ತಿದ್ದ ಮಣೆಯ ಮೇಲೆ ದಿನವಿಡೀ ಕೂರತೊಡಗಿದರು. ಬಿಸಿಲು ಏರಿದ ಕಾಲಕ್ಕೆ ಆ ಕಿಟಕಿಯ ಹೊರಗಿನ ಬಟ್ಟೆ ಒಣಗಿಸುವ ತಂತಿಯ ಮೇಲೆ ಸೂರಕ್ಕಿ ಜೋಡಿ ಜೇಡರ ಬಲೆ, ನಾರು, ಕಸಕಡ್ಡಿ ತಂದು ಜೋಳಿಗೆಯಂಥ ಗೂಡು ಕಟ್ಟಿತು. ಭಾವನ ಲೆಕ್ಕದಲ್ಲಿ ಅದೂ ಅಳಿದುಳಿದ ಮೂಕ ಹಕ್ಕಿಯೇ. ಗೂಡು ಕಟ್ಟುವ ದಿನಗಳಲ್ಲಿ ಗಂಡು ಸೂರಕ್ಕಿಗೆ ತಲೆ ನೆಟ್ಟಗಿರುವುದಿಲ್ಲ. ಗಾಜಿನಲ್ಲಿ ತನ್ನದೇ ನೆರಳು ಕಂಡು, ಯಾರೋ ಹೆಂಡತಿಯನ್ನು ಕದಿಯಲು ಬಂದ ಎಂದು ಮೇಲೆ ಬೀಳುತ್ತದೆ. ಬೆಳಗಿನಿಂದ ಕತ್ತಲಾಗುವವರೆಗೆ ಕೊಕ್ಕಿನಿಂದ ಕುಟ್ಟುವುದು, ಚೀರುವುದು, ಮತ್ತೆ ಕುಟ್ಟುವುದು. ನಾನು ಒಂದು ರಾಶಿ ಸಮವಸ್ತ್ರದ ಗುಂಡಿಕಾಜು ಹಾಕುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿತು. ಕುಳಿತಲ್ಲಿಂದಲೇ ಕೂಗಿಬಿಟ್ಟೆ.

“ಭಾವ, ಅದನ್ನ ಓಡ್ಸಿ ಅತ್ಲಾಗೆ. ಅದರ ಚೀರಾಟಕ್ಕೆ ತಲೆ ಚಿಟ್ಟು ಹಿಡೀತಿದೆ.”

ನನ್ನ ದನಿ ಅವರಿಗೆ ಎಂದೂ ಕೇಳಿಸದೆ ಹೋಗಿಲ್ಲ. ಬಾಯಿಂದ ಏನು ಹೊರಬಿತ್ತು ಎಂದು ಹೊಳೆದದ್ದೇ ಹೊಲಿಗೆ ಬಿಟ್ಟು ಓಡಿದೆ. ಭಾವ ಗಾಜಿಗೆ ಮುಖ ಒಡ್ಡಿ ನಿಂತಿದ್ದರು. ಆಚೆಗೆ, ಗೇಣು ದೂರದಲ್ಲಿ, ಸೂರಕ್ಕಿಯ ಕೊಕ್ಕು ಅಗಲವಾಗಿ ತೆರೆದಿತ್ತು, ಗಂಟಲು ಉಬ್ಬಿ ಉಬ್ಬಿ ನಡುಗುತ್ತಿತ್ತು. ಭಾವ ಗಾಜಿನ ಮೇಲೆ ಅಂಗೈ ಇಟ್ಟರು.

“ಇದು ಕೂಗ್ತಿದೆಯಾ?” ಎಂದರು.

ಇನ್ನು ಮುಚ್ಚಿಡಲು ಏನು ಉಳಿದಿತ್ತು? ಹೂಂ ಎಂದೆ. ಬೆಳ್ಗಣ್ಣ ಇದೆಯಾ ಎಂದರು. ಇದೆ ಎಂದೆ. ಸಿಪಿಲೆ, ಪಿಕಳಾರ, ಹಳ್ಳದ ಸಿಳ್ಳಾರ, ಒಂದೊಂದನ್ನೇ ಹೆಸರು ಹಿಡಿದು ವಿಚಾರಿಸಿದರು. ಇದೆ ಭಾವ, ಅದೂ ಇದೆ, ಯಾವುದೂ ಎಲ್ಲಿಗೂ ಹೋಗಿಲ್ಲ ಎಂದೆ. ಸತ್ತೇ ಹೋಗುತ್ತಾರೆ ಎಂದಿದ್ದಳಲ್ಲ ಅಕ್ಕ, ಹಾಗೇನೂ ಆಗಲಿಲ್ಲ. ಕಳೆದುಹೋದ ಮಕ್ಕಳು ಊರ ಹೊರಗೆ ಸಿಕ್ಕಿದರು ಎಂಬ ಸುದ್ದಿ ಬಂದವರಂತೆ ಮುಖ ಅರಳಿತು. ಪಾಪ, ಆ ತೋಟದವನಿಗೆ ಸುಮ್ಮನೆ ಅಂದುಬಿಟ್ಟೆನಲ್ಲ ಎಂದು ಪೇಚಾಡಿಕೊಂಡರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಕ್ಕ ವೃಥಾ ಹೆದರಿದಳು ಅನ್ನಿಸಿ, ಚಹಾಕ್ಕೆ ನೀರಿಟ್ಟೆ.

ಭಾವ ನನ್ನ ಬೆನ್ನ ಹಿಂದಿನಿಂದ ಮಾತಾಡಿದರು. ಈ ಸಲದ ದನಿ ಬೇರೆ ಇತ್ತು.

“ಹಾಗಾದ್ರೆ ನಿಮ್ಮಕ್ಕ?”

ಏನು ಎಂದು ತಿರುಗಿದೆ.

“ಕೆಲಸ ಮಾಡ್ತಾ ಇಲ್ಲಿ ಏನಾದ್ರೂ ಗುನುಗ್ತಾ ಇರೋಳು. ಮದುವೆ ಆದಾಗಿಂದ. ಆಮೇಲೆ ಒಂದಿನ ನಿಲ್ಲಿಸಿಬಿಟ್ಲು. ನಿಲ್ಲಿಸಿದ್ಲು ತಾನೆ?”

ಒಲೆಯ ಮುಂದೆ, ಬಾವಿಯ ಹತ್ತಿರ, ಅಕ್ಕಿ ಆರಿಸುವಾಗ, ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಹಾಸಿಗೆಯಲ್ಲಿ ಒರಗಿಕೊಂಡು ಕೂಡ ಅಕ್ಕ ಗುನುಗುತ್ತಿದ್ದಳು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಭಾವ ಮಣೆಯ ಮೇಲೆ ಕುಸಿದು ಕೂತರು. “ನನ್ನ ಮೇಲೆ ಬೇಜಾರಾಗಿದೆ ಅಂದ್ಕೊಂಡೆ. ಮಾತಾಡ್ಸಿದ್ರೆ ಇನ್ನೂ ಬೇಜಾರು ಮಾಡ್ಕೋತಾಳೆ ಅಂತ ನಾನೂ ಸುಮ್ಮನಾದೆ. ಇಷ್ಟು ವರ್ಷ.”

ಅವರು ಅತ್ತರು. ಅಕ್ಕನ ಹೆಣದ ಮುಂದೆಯೂ ಹಾಗೆ ಅತ್ತಿರಲಿಲ್ಲ. ನಾನು ಒಲೆ ಆರಿಸಿ ಪಕ್ಕದಲ್ಲಿ ಕೂತೆ. ನನ್ನ ದಪ್ಪ ದನಿಗೆ ಓಗೊಡುತ್ತಿದ್ದರಲ್ಲ, ಅಕ್ಕನ ತೆಳು ದನಿಯೂ ಹಕ್ಕಿಗಳ ಜೊತೆಗೇ ಹೋಗಿದೆ ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಅಕ್ಕ ಹಿತ್ತಲಲ್ಲಿ ನನ್ನ ಹತ್ತಿರ ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದಳು. ಹಕ್ಕಿ ಹೋದದ್ದಕ್ಕೆ ಇಷ್ಟು ಸಂಕಟಪಡುತ್ತಾರೆ, ನಾನು ಇದ್ದೀನೋ ಇಲ್ಲವೋ ಎಂದು ಮಾತ್ರ ಒಂದು ದಿನವೂ ತಿರುಗಿ ನೋಡುವುದಿಲ್ಲ, ಅವರಿಗೆ ನಾನು ಬೇಡವಾಗಿದ್ದೀನಿ ಕಣೇ ಎಂದಿದ್ದಳು. ಆ ನಂಬಿಕೆಯಲ್ಲೇ ಹೋದಳು.

ಭಾವ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದರು.

“ನಾನು ಮಾತಾಡ್ಸಲ್ಲ ಅಂತ ಅವಳು ನಿನ್ಹತ್ರ ಏನಾದ್ರೂ ಅಂದಿದ್ಲಾ?”

“ಏನೂ ಅಂದಿಲ್ಲ ಭಾವ,” ಎಂದೆ, ಅವರಿಗೆ ಸರಿಯಾಗಿ ಕೇಳಿಸುವ ಹಾಗೆ, ಗಟ್ಟಿಯಾಗಿ.