ಕಡಲೆ ಹೊಲದ ಹುಳಿ ಇಬ್ಬನಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಚಿಕ್ಕವಳಿದ್ದಾಗ ಅಜ್ಜಂಪುರದ ಅಂಚಿನ ಕಪ್ಪು ಮಣ್ಣಿನ ಹೊಲದಲ್ಲಿ, ಬೆಳಕು ಹರಿಯುವ ಮೊದಲು, ಅಜ್ಜಿ ಕಡಲೆ ಗಿಡಗಳ ಮೇಲೆ ಹಳೆಯ ಪಂಚೆ ಹಾಸಿ ಎಳೆಯುತ್ತಿದ್ದದ್ದು ನೆನಪಿದೆ. ಪಂಚೆಯ ಇನ್ನೊಂದು ತುದಿ ದೊಡ್ಡಮ್ಮನ ಕೈಯಲ್ಲಿತ್ತು. ಇಬ್ಬರೂ ಸೇರಿ ಅದನ್ನು ಹಿಂಡಿದಾಗ ಜಾಡಿಯೊಳಗೆ ನೀರು ಬಿದ್ದ ಸದ್ದೂ ನೆನಪಿದೆ. ಆದರೆ ಈ ನೆನಪಿನಲ್ಲಿ ನಾನು ನನ್ನನ್ನೇ ಕಾಣುತ್ತೇನೆ: ತಲೆಗೆ ಟವೆಲ್ ಸುತ್ತಿಕೊಂಡು ಬದುವಿನ ಮೇಲೆ ನಿಂತ ಹುಡುಗಿ, ಹಿಂದಿನಿಂದ ನೋಡಿದ ಹಾಗೆ. ಕಣ್ಣಾರೆ ಕಂಡವರಿಗೆ ತಮ್ಮ ಬೆನ್ನು ಕಾಣುವುದಿಲ್ಲ. ಯಾರೋ ಹೇಳಿದ್ದನ್ನು ಕೇಳಿ ನಾನೇ ಕಟ್ಟಿಕೊಂಡ ಚಿತ್ರವೂ ಇದಾಗಿರಬಹುದು. ಡೈರಿ ಬರೆಯಲು ಶುರುಮಾಡಿದ್ದು ಎಷ್ಟೋ ವರ್ಷಗಳ ನಂತರ. ಹಾಗೆ ನೋಡಿದರೆ ಡೈರಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಬರೆಯುವಾಗಲೇ ದಿನ ಸ್ವಲ್ಪ ಚಂದವಾಗಿಬಿಡುತ್ತದೆ.

ನಾನಿರುವುದು ಕಡೂರಿನಲ್ಲಿ, ಪಾಠ ಹೇಳುವುದು ತರೀಕೆರೆಯ ಒಂದು ಕಾಲೇಜಿನಲ್ಲಿ. ಮನೆಯ ತಾರಸಿಯ ಮೇಲೆ ಒಂದು ಮಳೆ ಮಾಪಕ, ನೆರಳಿನಲ್ಲಿ ಒಂದು ಥರ್ಮಾಮೀಟರ್ ಇಟ್ಟಿದ್ದೇನೆ. ಇದು ಬರೀ ಹವ್ಯಾಸ, ಯಾರೂ ಕೇಳಿದ್ದಲ್ಲ. ಮಳೆಗಾಲದಲ್ಲಿ ಎಲ್ಲರೂ ಆಕಾಶ ನೋಡುತ್ತಾರೆ. ಚಳಿಗಾಲದಲ್ಲಿ ನೋಡಲು ಏನಿದೆ ಎಂದು ಸಹೋದ್ಯೋಗಿಗಳು ನಗುತ್ತಾರೆ. ನನಗಂತೂ ಚಳಿಗಾಲವೇ ಹೆಚ್ಚು ಚಂಚಲ. ಕಡೂರಿನಲ್ಲಿ ಬಸ್ ಹತ್ತುವಾಗ ಮೂಡಗಾಳಿಗೆ ತುಟಿ ಒಡೆಯುತ್ತಿರುತ್ತದೆ, ಬಿಸಿಲು ಚಾಕುವಿನಷ್ಟು ಹರಿತ. ಬೀರೂರು ದಾಟಿ ತರೀಕೆರೆ ಹತ್ತಿರ ಬರುವಷ್ಟರಲ್ಲಿ ಬೆಟ್ಟದ ಕಡೆಯಿಂದ ಮಂಜು ಇಳಿದು ಡ್ರೈವರ್ ದೀಪ ಹಾಕಿಕೊಂಡಿರುತ್ತಾನೆ. ಮೊದಲ ತರಗತಿ ಮುಗಿಸಿ ಹೊರಗೆ ಬಂದರೆ ಮಂಜು ಇತ್ತೆಂಬುದಕ್ಕೆ ಸಾಕ್ಷಿಯೇ ಇಲ್ಲ. ಅದೇ ಬೆಳಿಗ್ಗೆ ಅಜ್ಜಂಪುರದಿಂದ ದೊಡ್ಡಮ್ಮ ಫೋನಿನಲ್ಲಿ, ‘ಇಲ್ಲಿ ಗಾಳಿನೂ ಇಲ್ಲ, ಮಂಜೂ ಇಲ್ಲ ಕಣೇ’ ಎನ್ನುತ್ತಾಳೆ.

ಅಜ್ಜಿಯ ಹೊಲದಲ್ಲಿ ಕೊನೆಯ ಸಲ ಕಡಲೆ ಬಿತ್ತಿದ ವರ್ಷ ದೊಡ್ಡಮ್ಮನ ಫೋನು ದಿನಾ ಸಂಜೆ ಬರಲು ಕಾರಣವಿತ್ತು. ಅವಳ ಮಗ, ನನ್ನ ಅಣ್ಣ, ಮುಂದಿನ ವರ್ಷದಿಂದ ಆ ಹೊಲಕ್ಕೆ ಅಡಿಕೆ ಹಾಕುವುದೆಂದು ತೀರ್ಮಾನಿಸಿದ್ದ. ಡ್ರಿಪ್ ಪೈಪಿನ ಸುರುಳಿಗಳು ಆಗಲೇ ಬದುವಿನ ಮೇಲೆ ಬಂದು ಕೂತಿದ್ದವು. ದೊಡ್ಡಮ್ಮ ಅಡ್ಡ ಹೇಳಲಿಲ್ಲ. ‘ಗೇಯೋನು ಅವ್ನು, ಅವ್ನಿಷ್ಟ’ ಎಂದಳಂತೆ. ಆದರೆ ಆ ಹೊಲದಿಂದ ಕೊನೆಯದಾಗಿ ಒಂದು ಜಾಡಿ ಕಡಲೆ ಹುಳಿ ಅವಳಿಗೆ ಬೇಕಿತ್ತು. ಕಡಲೆ ಗಿಡದ ಎಲೆ ಹುಳಿಯನ್ನು ಜಿನುಗಿಸುತ್ತದೆ. ರಾತ್ರಿಯ ಇಬ್ಬನಿ ಅದನ್ನು ಕರಗಿಸಿಕೊಳ್ಳುತ್ತದೆ. ಬಿಸಿಲು ಬರುವ ಮುಂಚೆ ಬಟ್ಟೆಗೆ ಅದನ್ನು ಹೀರಿಸಿ ಹಿಂಡಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕೇರಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ದೊಡ್ಡಮ್ಮನ ಬಾಗಿಲಿಗೆ ಲೋಟ ಹಿಡಿದು ಬರುತ್ತಿದ್ದರು. ಅವಳ ಜಾಡಿ ಈಗ ತಳ ಕಂಡಿತ್ತು. ಕಾಯಿ ಬಲಿತು ಗಿಡ ಒಣಗತೊಡಗಿದರೆ ಮುಗಿಯಿತು, ಮತ್ತೆ ಆ ಹೊಲದಲ್ಲಿ ಕಡಲೆಯೇ ಇಲ್ಲ.

ಆ ಚಳಿಗಾಲವೋ, ಬಂಗಾಳ ಕೊಲ್ಲಿಯಿಂದ ಒಂದರ ಹಿಂದೊಂದು ಮೋಡ ಕಳಿಸುತ್ತಲೇ ಇತ್ತು. ಮೋಡವಿದ್ದ ರಾತ್ರಿ ಇಬ್ಬನಿ ಕಟ್ಟುವುದಿಲ್ಲ.

‘ಏನೇ, ನಾಳಿಕ್ಕೆ ಹೆಂಗೈತೆ?’

‘ಮೋಡ ಐತೆ ದೊಡ್ಡಮ್ಮ.’

‘ಅದು ನಂಗೂ ಕಾಣ್ತೈತೆ. ಕಾಣ್ದೇ ಇರೋದ್ನ ಹೇಳ್ಲಿ ಅಂತ ತಾನೇ ನಿನ್ನ ಅಷ್ಟು ಓದ್ಸಿದ್ದು.’

ನಡುವೆ ಜಿಟಿಜಿಟಿ ಮಳೆಯೂ ಬಂತು. ‘ಇದ್ದ ಹುಳೀನೂ ತೊಳ್ಕಂಡ್ ಹೋಯ್ತು. ಇನ್ನು ಎಲೆ ಮತ್ತೆ ಹುಳಿ ಬಿಡ್ಬೇಕು’ ಎಂದು ಫೋನಿಟ್ಟಳು.

ಕೊನೆಗೊಂದು ಶನಿವಾರ ಆಕಾಶ ಬಿಚ್ಚಿಕೊಂಡಿತು. ಕಾಲೇಜು ಮುಗಿಸಿ ನೇರ ಅಜ್ಜಂಪುರಕ್ಕೆ ಹೋದೆ. ಚಳಿಗೆ ದೊಡ್ಡಮ್ಮನ ಮಂಡಿ ಹಿಡಿದುಕೊಂಡಿತ್ತು. ನಸುಕಿನಲ್ಲಿ ಅವಳನ್ನು ಎಬ್ಬಿಸುವುದು ಬೇಡವೆಂದು ನಾನು ಸಂಜೆಯೇ ಪಂಚೆಯನ್ನು ಗಿಡಗಳ ಮೇಲೆ ಹಾಸಿ, ಮೂಲೆಗಳಿಗೆ ಮಣ್ಣಿನ ಹೆಂಟೆ ಇಟ್ಟೆ.

‘ಸಂಜೆನೇ ಹಾಸ್ತಾರೇನೇ?’ ಎಂದಳು ದೊಡ್ಡಮ್ಮ. ಆಮೇಲೆ ಯೋಚಿಸಿ, ‘ಆಗ್ಲಿ ಬಿಡು. ರಾತ್ರಿಯೆಲ್ಲ ಅದೇ ಕುಡ್ಕಂತೈತೆ. ನಾವು ಮಲಗಣ’ ಎಂದಳು.

ಬಿಸಿಲು ಬಂದ ಮೇಲೆ ನಿಧಾನವಾಗಿ ಹೊಲಕ್ಕೆ ಹೋದೆವು. ಪಂಚೆ ತೊಯ್ದು ಭಾರವಾಗಿತ್ತು. ಹಿಂಡಿ, ಬೆರಳದ್ದಿ ನೆಕ್ಕಿದೆ. ಬಾವಿ ನೀರಿನ ಹಾಗಿತ್ತು, ಹುಳಿಯ ಸುಳಿವಿಲ್ಲ. ಪಂಚೆಯಡಿ ಇದ್ದ ಗಿಡಗಳನ್ನು ನೋಡಿದರೆ ಒಂದು ಹನಿಯೂ ತಾಗದೆ ಒಣಒಣವಾಗಿದ್ದವು. ಸುತ್ತಲಿನ ಗಿಡಗಳ ಇಬ್ಬನಿ ಆಗಲೇ ಆರಿಹೋಗಿತ್ತು.

ದೊಡ್ಡಮ್ಮ ಬದುವಿನ ಮೇಲೆ ಕೂತು ನಕ್ಕಳು. ‘ಸೊಪ್ಪಿಗೆ ಕಂಬಳಿ ಹೊದ್ಸಿ ಮಲಗ್ಸಿದೀವಿ ಕಣೇ. ಬೆಚ್ಚಗೆ ನಿದ್ದೆ ಹೊಡ್ದೈತೆ.’

ಇಬ್ಬನಿ ಮೇಲಿಂದ ಬೀಳುವುದಲ್ಲ, ತಣ್ಣಗಾದ ವಸ್ತುವಿನ ಮೇಲೆ ಕಟ್ಟುವುದು ಎಂದು ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ಅದು ಬರೀ ಪಾಠ. ಅಂದು ಆ ಒಣ ಎಲೆಗಳನ್ನು ಮುಟ್ಟಿ ನಿಂತಾಗ ಮೈ ಜುಮ್ಮೆಂದಿತು. ಉಗುರಿಗಿಂತ ಸಣ್ಣ ಎಲೆಯೊಂದು ಬಯಲಿನಲ್ಲಿ ರಾತ್ರಿಯಿಡೀ ಆಕಾಶಕ್ಕೆ ಮುಖ ಮಾಡಿ, ತನ್ನ ಬಿಸುಪನ್ನು ಅಷ್ಟು ದೂರಕ್ಕೆ ಕೊಟ್ಟುಬಿಡುತ್ತದೆ. ಅದಕ್ಕೆ ಬದಲಾಗಿ ಸಿಕ್ಕುವುದು ಈ ಹನಿ. ನಡುವೆ ಒಂದು ಸವೆದ ಪಂಚೆ ಬಂದರೂ ಸಾಕು, ಎಲೆಗೆ ಆಕಾಶವೇ ಇಲ್ಲ.

ಮಾರನೆಯ ದಿನದಿಂದ ಮತ್ತೆ ಮೋಡ. ಗಿಡದ ಕೆಳಗಿನ ರೆಂಬೆಗಳಲ್ಲಿ ಕಾಯಿ ಬಲಿಯತೊಡಗಿದ್ದವು. ಮುಂದಿನ ಶನಿವಾರ ನಾನು ಹೋದಾಗ ಮೊಬೈಲು ಮೋಡವೆಂದಿತು, ದೊಡ್ಡಮ್ಮನ ಮಂಡಿಯೂ ಮೋಡವೆಂದಿತು. ‘ಆಗದು ಬಿಡು. ಹೆಂಗೂ ಬಂದಿದೀಯ, ರೊಟ್ಟಿ ತಿಂದ್ಕಂಡು ಮಲ್ಗು’ ಎಂದು ಅವಳು ಜಾಡಿಯನ್ನು ಅಟ್ಟಕ್ಕೆ ಎತ್ತಿಟ್ಟಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಬೆಳಗಿನ ಜಾವ ಚಳಿಗೆ ಎಚ್ಚರವಾಯಿತು. ಮಲಗುವಾಗ ಇಲ್ಲದ ಚಳಿ. ಹಿತ್ತಿಲ ಬಾಗಿಲು ತೆಗೆದೆ. ಮೋಡವನ್ನು ಯಾರೋ ಗುಡಿಸಿ ಹಾಕಿದ ಹಾಗೆ ಆಕಾಶ ಖಾಲಿಯಾಗಿತ್ತು, ನಕ್ಷತ್ರಗಳು ತೀರಾ ಹತ್ತಿರ. ಹಿತ್ತಿಲಿಗೆ ಹೊಂದಿಕೊಂಡಿದ್ದ ಹೊಲಕ್ಕೆ ಬರಿಗಾಲಿನಲ್ಲಿ ಇಳಿದೆ. ಗಿಡ ತಾಗಿದ ಕಡೆಯೆಲ್ಲ ಕಾಲು ಒದ್ದೆಯಾಗಿ, ಹಿಮ್ಮಡಿಯ ಬಿರುಕಿಗೆ ಹುಳಿ ತಗುಲಿ ಚುರುಚುರು ಉರಿಯಿತು. ಆ ಉರಿಯಿಂದಲೇ ತಿಳಿಯಿತು. ಅಷ್ಟರಲ್ಲಿ ದೂರದ ಹಳಿಯ ತಿರುವಿನಲ್ಲಿ ರೈಲು ಬಂತು. ಅದರ ದೀಪ ಹೊಲದ ಮೇಲೆ ನಿಧಾನವಾಗಿ ಹಾಯಿತು. ಹಾಯ್ದಲ್ಲೆಲ್ಲ ಒಂದೊಂದು ಎಲೆಯ ಅಂಚಿನಲ್ಲೂ ಹನಿ ಹೊತ್ತಿಕೊಂಡು, ಸಾಲಿನಿಂದ ಸಾಲಿಗೆ ಓಡಿ, ಆರಿತು. ಮತ್ತೆ ಕತ್ತಲು. ಒಬ್ಬಳೇ ನಿಂತಿದ್ದೆ. ಯಾವ ಲೆಕ್ಕವೂ ಇದನ್ನು ನನಗೆ ಹೇಳಿರಲಿಲ್ಲ. ಇದು ನನಗೆ ಸಿಗಬೇಕಾದದ್ದೂ ಅಲ್ಲ.

ಓಡಿಹೋಗಿ ದೊಡ್ಡಮ್ಮನನ್ನು ಎಬ್ಬಿಸಿದೆ. ಅವಳು ಬೈಯುತ್ತಲೇ ಎದ್ದಳು. ಬಾಗಿಲಿನಲ್ಲಿ ನಿಂತು ಹೊರಗೆ ನೋಡಿದಳು. ‘ಪಂಚೆ ತಗ, ಜಾಡಿ ಇಳ್ಸು’ ಎಂದಳು. ಮಂಡಿ ನೋವು ಎಲ್ಲಿ ಹೋಯಿತೋ. ಸಾಲಿನ ಆ ತುದಿ ಅವಳು, ಈ ತುದಿ ನಾನು. ಹಾಸುವುದು, ಎಳೆಯುವುದು, ಹಿಂಡುವುದು. ಜಾಡಿಗೆ ನೀರು ಬಿದ್ದ ಸದ್ದು ನನಗೆ ಗೊತ್ತಿದ್ದ ಸದ್ದೇ ಆಗಿತ್ತು, ಅಥವಾ ಹಾಗನ್ನಿಸಿತು. ಮೂಡಲು ಕೆಂಪಾಗುವ ಹೊತ್ತಿಗೆ ಜಾಡಿ ಕುತ್ತಿಗೆಯವರೆಗೆ ಬಂದಿತ್ತು. ದೊಡ್ಡಮ್ಮ ಬೆರಳದ್ದಿ ನಾಲಿಗೆಗಿಟ್ಟು, ಹುಳಿಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಆಗ, ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿದ್ದ ಒಂದು ಪ್ರಶ್ನೆಯನ್ನು ಕೇಳಿದೆ. ಕಣ್ಣು ತೆರೆದವಳು ನನ್ನನ್ನು ದಾಟಿ, ಪೈಪಿನ ಸುರುಳಿಗಳಿದ್ದ ಬದುವಿನ ಕಡೆ ನೋಡಿದಳು. ‘ಹೊತ್ತು ಹುಟ್ತು. ಆ ಕೊನೆ ಸಾಲು ಹಿಡಿ’ ಎಂದಳು.

ಈಗ ಅಲ್ಲಿ ಅಡಿಕೆ ಸಸಿಗಳಿವೆ. ದೊಡ್ಡಮ್ಮ ಇನ್ನೂ ಸಂಜೆ ಫೋನ್ ಮಾಡಿ ನಾಳೆ ಹೇಗಿದೆ ಎಂದು ಕೇಳುತ್ತಾಳೆ, ನಾನು ಹೇಳುತ್ತೇನೆ. ಆ ಬೆಳಿಗ್ಗೆ ಹೊಲದಲ್ಲಿ ನಾನು ಕೇಳಿದ್ದಕ್ಕೆ ಮಾತ್ರ ಅವಳು ಇನ್ನೂ ಏನೂ ಹೇಳಿಲ್ಲ.

‘ದೊಡ್ಡಮ್ಮ, ಆವತ್ತು ಅಜ್ಜಿ ಹಿಂಡ್ತಿರ್ಬೇಕಾದ್ರೆ, ಬದುವಿನ ಮೇಲೆ ನಾನೂ ಇದ್ನಾ?’